ಲಾಡ್ಜಿನ ವಾಲ್ವು

ಬೆಳಿಗ್ಗೆ ಆರೂ ಹತ್ತಕ್ಕೆ, ಊರಿಗೆ ನೀರು ಬಿಡುವ ನೀರುಗಂಟಿ ಲಾಡ್ಜಿನ ವಾಲ್ವನ್ನು ಬಿಗಿಯಾಗಿ ಮುಚ್ಚಿದ. ಆ ದಿನ ಅಲ್ಲಿನ ನಲವತ್ತೆರಡು ಕೋಣೆಗಳೂ ಭರ್ತಿಯಾಗಿದ್ದವು.

ಲಾಡ್ಜಿನ ದೋಣಿಗಳಲ್ಲಿ ಊರ ಕೆರೆ ಸುತ್ತಲು ಬರುವ ಪ್ರವಾಸಿಗಳು ಇರುವಷ್ಟು ದಿನ ಆ ವಾಲ್ವನ್ನು ಮುಟ್ಟಕೂಡದೆಂದು ಮೇಲಿನವರು ಹೇಳಿದ್ದರು. ನೀರೆಲ್ಲ ಲಾಡ್ಜಿಗೇ ಹರಿದು, ಅದರ ಹಿಂದಿನ ಓಣಿಯ ನಲ್ಲಿಗಳು ಮೂರು ತಿಂಗಳಿಂದ ಒಣಗಿದ್ದವು. ಹೋದ ವಾರ ನೀರುಗಂಟಿಯ ಅಕ್ಕ ದೂರದ ಬಾವಿಯಿಂದ ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸುದ್ದಿ ಕೇಳಿದ ಲಾಡ್ಜಿನ ಯಜಮಾನ, "ವಯಸ್ಸಾದ್ಮೇಲೆ ಮನೇಲಿ ಕೂತಿರಬೇಕಪ್ಪ," ಎಂದು ನಕ್ಕಿದ್ದ. ಆ ನಗು ನೀರುಗಂಟಿಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

ವಾಲ್ವಿನ ತಲೆ ಸವೆದಿತ್ತು. ಅದನ್ನು ತಿರುಗಿಸಲು ಅವನೇ ಅಳತೆ ಕೊಟ್ಟು ಕಬ್ಬಿಣದ ಕೀ ಮಾಡಿಸಿದ್ದ. ಅಂಥದ್ದು ಊರಲ್ಲಿ ಇನ್ನೊಂದಿರಲಿಲ್ಲ.

ಹಿಂದಿನ ದಿನ ಈಜುಕೊಳ ತುಂಬಿಸಿದ್ದರಿಂದ ಲಾಡ್ಜಿನ ತೊಟ್ಟಿ ತಳ ಕಂಡಿತ್ತು. ಏಳು ಗಂಟೆಗೆ ಯಜಮಾನ ಬರಿಗಾಲಲ್ಲೇ ಓಡಿಬಂದ.

"ಬಿಡೋ ನೀರು! ಗೆಸ್ಟುಗಳು ಮೈಗೆಲ್ಲ ಸೋಪು ಹಚ್ಕೊಂಡು ನಿಂತಿದ್ದಾರೆ!"

"ನಿಲ್ಲೋದ್ಯಾಕೆ ಯಜಮಾನ್ರೇ? ಈಜುಕೊಳಕ್ಕೆ ಇಳಿಯೋಕೆ ಹೇಳಿ."

"ತಮಾಷೆ ಸಾಕು. ಕೀ ಎಲ್ಲಿ?"

"ಕೆರೇಲಿ. ನಿಮ್ಮ ದೋಣಿಯವರಿಗೆ ಹೇಳಿ, ಅದನ್ನೂ ತೋರಿಸ್ಲಿ ಟೂರಿಸ್ಟರಿಗೆ."

"ಕೆಲಸ ಹೋಗತ್ತೆ ನಿಂದು!"

"ಗೊತ್ತು. ಅಕ್ಕನಿಗೆ ಹೇಳೇ ಬಂದೆ."

ಓಣಿಯ ನಲ್ಲಿಗಳಲ್ಲಿ ಆಗಲೇ ನೀರು ಸುರಿಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಅವನ ಅಮಾನತಿನ ಆದೇಶ ಬಂತು. ಅಷ್ಟರೊಳಗೆ ಲಾಡ್ಜಿನ ಮೂವತ್ತೊಂದು ಕೋಣೆಗಳು ಖಾಲಿಯಾಗಿದ್ದವು.