ಕೂಗುವವನ ಕ್ಯಾಮೆರಾ

1999ರ ಗ್ರಹಣದ ದಿನ ಬೆಳಗ್ಗೆಯಿಂದ ಸಿಲಾರ್ಡ್ ದನಿ ಅಣಕಿಸಿ ಮೂರು ಸಲ ಓಡೋನ್ ಚಿಕ್ಕಪ್ಪನಾಗಿದ್ದ.

ಓಡೋನ್ ನಿವೃತ್ತ ಸ್ಟೇಷನ್ ಮಾಸ್ತರು, ಖಗೋಳ ಸಂಘದ ಕೂಗುವವರು. ಕ್ಯಾಮೆರಾ ಮುಂದಿನ ಬೆಳ್ಳಿ ಹಾಳೆಯ ಫಿಲ್ಟರನ್ನು ಸೂರ್ಯ ಪೂರ್ತಿ ಮುಚ್ಚುವ ಮುಂಚೆ ತೆಗೆದರೆ ಕಣ್ಣು ಹೋಗುತ್ತದೆ. ಮುಚ್ಚಿದ ಮೇಲೂ ತೆಗೆಯದಿದ್ದರೆ ಚಿತ್ರ ಹೋಗುತ್ತದೆ. ಸಿಗುವುದೇ ಎರಡು ನಿಮಿಷ ಇಪ್ಪತ್ತು ಸೆಕೆಂಡು. ಆಕಾಶ ನೋಡುತ್ತ ಮೈಮರೆಯುವವರಿಗಾಗಿ ಒಬ್ಬರು ಗಡಿಯಾರ ಹಿಡಿದು ಕೂಗಲೇಬೇಕು.

"ಫಿಲ್ಟರ್ ತೆಗೀ...ರೀ! ಎರಡನೇ ಪ್ಲಾಟ್‌ಫಾರ್ಮಿಗೆ ಕತ್ತಲು ಬರ್ತಾ ಇದೆ, ಸೂರ್ಯನಿಂದ ದೂರ ನಿಲ್ಲೀ...ರೀ!" ಸಿಲಾರ್ಡ್ ಮೂಗಿನಲ್ಲೇ ಎಳೆದ. ಬಾಲಟನ್ ಸರೋವರದ ದಂಡೆಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಲಾಂಗೋಶ್ ರೊಟ್ಟಿ ತಿನ್ನುತ್ತಿದ್ದವರು ನಕ್ಕು ನಕ್ಕು ಕೆಮ್ಮಿದರು.

"ಸಾಕು ನಿಲ್ಲಿಸೋ, ಇಲ್ಲೇ ಇದಾರೆ," ಎಂದಳು ಮಟಿಲ್ಡ್, ಪಕ್ಕದ ಕ್ಯಾಮೆರಾದವಳು.

ಓಡೋನ್ ಬಂದವರೇ ಕೊರಳಿನ ಸ್ಟಾಪ್‌ವಾಚ್ ಬಿಚ್ಚಿ ಅವನ ಕೊರಳಿಗೆ ಹಾಕಿದರು. "ನನಗಿಂತ ಚೆನ್ನಾಗಿ ನೀನೇ ನಾನಾಗ್ತೀಯಪ್ಪ. ನೀನೇ ಕೂಗು."

ಎಲ್ಲರೂ ಚಪ್ಪಾಳೆ ಹೊಡೆದರು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಸಂಘದ ಐವತ್ತನೇ ವರ್ಷದ ಪುಸ್ತಕಕ್ಕೆ ತನ್ನ ಚಿತ್ರವೇ ಮುಖಪುಟವಾಗಬೇಕೆಂದು ಎರಡು ವರ್ಷದಿಂದ ಕಾದಿದ್ದ. ಹಂಗೇರಿಗೆ ಮುಂದಿನ ಪೂರ್ಣಗ್ರಹಣ 2081ಕ್ಕೆ, ಅವನಿಗೀಗಲೇ ನಲವತ್ತೊಂದು. ಇರಲಿ, ದೂರದಿಂದಲೇ ಶಟರ್ ಒತ್ತುವ ಕೇಬಲ್ ಇದೆಯಲ್ಲ, ಕೂಗುತ್ತಲೇ ಒತ್ತಿದರಾಯಿತು ಅಂದುಕೊಂಡ.

ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿರುವಾಗ ಗಾಳಿ ತಣ್ಣಗಾಯಿತು. ನೀರಿನ ಮೇಲಿನ ಹಕ್ಕಿಗಳು ಗಪ್‌ಚಿಪ್.

"ಫಿಲ್ಟರ್ ತೆಗೀ...ರೀ!"

ಕೂಗು ಎಷ್ಟು ಪಕ್ಕಾ ಇತ್ತೆಂದರೆ ಮೂವತ್ತು ಕೈಗಳು ಒಟ್ಟಿಗೇ ಮೇಲೆದ್ದವು. ಸಿಲಾರ್ಡನ ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಕೇಬಲ್, ಕಣ್ಣು ಮುಳ್ಳಿನ ಮೇಲೆ. "ಇನ್ನು ಒಂದು ನಿಮಿಷ! ಇನ್ನು ಅರ್ಧ!" ರೀಲಿನ ಮೂವತ್ತಾರು ಚಿತ್ರಗಳನ್ನೂ ಒತ್ತಿ ಮುಗಿಸಿದ.

"ಫಿಲ್ಟರ್ ಹಾಕೀ...ರೀ!" ಎಂದು ಕೂಗಿ ತನ್ನದನ್ನೂ ಹಾಕಲು ಕೈಚಾಚಿದ.

ಅದು ಲೆನ್ಸಿನ ಮೇಲೇ ಇತ್ತು.

ಎದುರಿಗೆ, ಮಡಚುವ ಕುರ್ಚಿಯಲ್ಲಿ ಓಡೋನ್ ಕೂತಿದ್ದರು. ಅಲ್ಲಿಂದ ಬೆಳ್ಳಿ ಹಾಳೆ ಕಾಣದಿರಲು ಸಾಧ್ಯವೇ ಇರಲಿಲ್ಲ.

"ಚಿಕ್ಕಪ್ಪಾ... ನಿಮಗೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ!"

ಓಡೋನ್ ಎದ್ದು ಕುರ್ಚಿ ಮಡಚಿದರು. "ಕೂಗೋ ಕೆಲಸ ನಿಂದಾಗಿತ್ತಲ್ಲಪ್ಪ."

ರಾಗವಿಲ್ಲ, ಮೂಗಿನ ಎಳೆತವಿಲ್ಲ. ಆ ದನಿಯಲ್ಲಿ ಅಣಕಿಸಲು ಏನೂ ಇರಲಿಲ್ಲ.

ಡಿಸೆಂಬರಿನಲ್ಲಿ ಪುಸ್ತಕ ಬಂತು. ಮುಖಪುಟದಲ್ಲಿ ಮಟಿಲ್ಡಳ ಚಿತ್ರ, ಕಪ್ಪು ಸೂರ್ಯನ ಸುತ್ತ ಬಿಳಿಯ ಜ್ವಾಲೆ. ಕೊನೆಯ ಪುಟದಲ್ಲಿ, ಕೃತಜ್ಞತೆಗಳ ಸಾಲಿನಲ್ಲಿ, ಸಣ್ಣ ಅಕ್ಷರ: ಕೂಗಿದವರು, ಸಿಲಾರ್ಡ್.