ಎತ್ತಿದ ಕೈ

"ಏಯ್ ಬೋಳಿಮಗನೆ, ನಿಲ್ಲೋ ಅಂದ್ರೆ ಕೇಳ್ಸಲ್ವೇನೋ?"

ಕೇಳಿಸುತ್ತಿರಲಿಲ್ಲ. ಐದನೆಯ ವಯಸ್ಸಿನಲ್ಲಿ ಬಂದ ಜ್ವರ ಅವನ ಎರಡು ಕಿವಿಯನ್ನೂ ಕಿತ್ತುಕೊಂಡು ಹೋಗಿತ್ತು. ಬೆನ್ನ ಮೇಲೆ ಈರುಳ್ಳಿ ಮೂಟೆ ಹೊತ್ತು, ತಲೆ ತಗ್ಗಿಸಿಕೊಂಡು, ಅವನು ಲಾರಿಯ ಕಡೆ ನಡೆಯುತ್ತಲೇ ಇದ್ದ. ಹಿಂದಿನಿಂದ ಇಬ್ಬರು ಪೊಲೀಸರು ಓಡಿ ಬರುತ್ತಿದ್ದರು.

ಅವನ ಹೆಂಡತಿ ಹತ್ತು ಮಾರು ದೂರದಲ್ಲಿ ಕೂತು ಮೂಟೆಗಳ ಬಾಯಿ ಹೊಲಿಯುತ್ತಿದ್ದಳು. ಮಾರುಕಟ್ಟೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ದಬ್ಬಳ ಎಂದು. ಗೋಣಿ ಹೊಲಿಯುವ ಆ ದಪ್ಪ ಸೂಜಿಗೂ ಅವಳ ನಾಲಿಗೆಗೂ ಮೊನೆ ಒಂದೇ ಎಂಬುದು ಅವರ ತಮಾಷೆ. ಅವನ ಹೆಸರು ಕಂಬ. ಮೂಟೆ ಹೊರುವುದರಲ್ಲಿ ಎತ್ತಿದ ಕೈ; ಬೆನ್ನ ಮೇಲೆ ಎರಡು ಹೇರಿದರೂ ಅಲ್ಲಾಡುವವನಲ್ಲ.

"ಸಾರ್, ಅವನಿಗೆ ಕಿವಿ ಕೇಳ್ಸಲ್ಲ ಸಾರ್. ಕಿವುಡ ಸಾರ್ ಅವನು."

ಕೂಗುತ್ತಲೇ ದಬ್ಬಳ ಎದ್ದು ಓಡಿದಳು. ಸುತಳಿ ಕಾಲಿಗೆ ತೊಡರಿತು. ಬಿಡಿಸಿಕೊಳ್ಳುವಷ್ಟರಲ್ಲಿ ಮುಂದಿದ್ದ ಪೊಲೀಸು ಕಂಬನ ಕೊರಳಪಟ್ಟಿಗೆ ಕೈ ಹಾಕಿ ಹಿಂದಕ್ಕೆ ಎಳೆದಿದ್ದ. ಮೂಟೆ ಜಾರಿ ಬಿದ್ದು ಹೊಲಿಗೆ ಬಿಚ್ಚಿತು. ಈರುಳ್ಳಿ ಚರಂಡಿಯವರೆಗೆ ಉರುಳಿದವು. ಕಂಬ ಗಾಬರಿಯಿಂದ ತಿರುಗಿದ. ಎದುರಿಗೆ ಎರಡು ಬಾಯಿಗಳು ಜೋರಾಗಿ ಆಡುತ್ತಿದ್ದವು. ಗುರುತಿಲ್ಲದವರು ಮಾತಿಗೆ ಬಂದಾಗ ಅವನು ಮಾಡುತ್ತಿದ್ದದ್ದು ಒಂದೇ. ಈಗಲೂ ಅದನ್ನೇ ಮಾಡಿದ. ನನಗೆ ಕೇಳುವುದಿಲ್ಲ ಎಂದು ತೋರಿಸಲು ಬಲಗೈಯನ್ನು ಕಿವಿಯ ಕಡೆಗೆ ಎತ್ತಿದ.

ಕೈ ಕಿವಿಯನ್ನು ಮುಟ್ಟಲಿಲ್ಲ.

"ಕೈ ಎತ್ತೀಯೇನೋ ಸೂಳೆಮಗನೆ" ಎಂದು ಮುಂದಿದ್ದ ಪೊಲೀಸು ಆ ಕೈಯನ್ನೇ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಇನ್ನೊಬ್ಬ ಕಾಲಿಗೆ ಒದ್ದು ಬೋರಲು ಕೆಡವಿ, ಬೆನ್ನ ಮೇಲೆ ಮಂಡಿಯೂರಿ ಕೂತ. ಹಸಿ ಸೌದೆ ಮುರಿದಂಥ ಸದ್ದೊಂದು ಓಡಿ ಬರುತ್ತಿದ್ದ ಅವಳಿಗೆ ಕೇಳಿಸಿತು. ಕೂತವನು ಏಳಲಿಲ್ಲ.

ಯಾರದೋ ಕೈಚೀಲ ಕಿತ್ತುಕೊಂಡು ಓಡಿದವನು ನೀಲಿ ಅಂಗಿ ತೊಟ್ಟಿದ್ದನಂತೆ. ಕಂಬನ ಅಂಗಿಯೂ ನೀಲಿ. ಮಧ್ಯಾಹ್ನದೊಳಗೆ ಕಳ್ಳ ಬಸ್ ನಿಲ್ದಾಣದಲ್ಲಿ ಚೀಲದ ಸಮೇತ ಸಿಕ್ಕಿಬಿದ್ದ. ಆದರೆ ಠಾಣೆಯಿಂದ ಕಂಬನನ್ನು ಬಿಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಸುಗೂಸಿನ ಹಾಗೆ ಎತ್ತಿಕೊಂಡು ಅವನು ಬೆಂಚಿನ ತುದಿಯಲ್ಲಿ ಕೂತಿದ್ದ. ಮುಖದ ಬಣ್ಣ ಇಳಿದುಹೋಗಿತ್ತು.

"ಕಳ್ಳ ಸಿಕ್ಕಿದ್ನಲ್ಲ ಸಾರ್, ಇವನನ್ನ ಯಾಕೆ ಕೂರ್ಸಿದೀರ?" ದಬ್ಬಳ ಇನ್‌ಸ್ಪೆಕ್ಟರನ ಮೇಜಿನ ಮುಂದೆ ನಿಂತು ಕೇಳಿದಳು.

"ಸ್ವಲ್ಪ ದೂರ ನಿಂತ್ಕೋ. ಈರುಳ್ಳಿ ನಾತ ಹೊಡೀತಿದೆ." ಅವನು ಕುರ್ಚಿ ಹಿಂದಕ್ಕೆ ಸರಿಸಿದ. "ನಿನ್ ಗಂಡ ಡ್ಯೂಟಿ ಮೇಲಿದ್ದ ಪೊಲೀಸರ ಮೇಲೆ ಕೈ ಎತ್ತಿದಾನೆ. ಅದು ಬೇರೆ ಕೇಸು."

"ಹೊಡಿಯೋಕಲ್ಲ ಸಾರ್. ಕಿವಿ ಕೇಳ್ಸಲ್ಲ ಅಂತ ತೋರ್ಸಕ್ಕೆ."

"ಕೇಳ್ಸಲ್ಲ ಅಂತ ಬಾಯಲ್ಲಿ ಹೇಳ್ಬೇಕಿತ್ತು."

"ಮಾತೂ ಬರಲ್ಲ ಸಾರ್."

"ಹಂಗಾದ್ರೆ ಹಣೆಗೆ ಬೋರ್ಡ್ ಹಾಕ್ಕೊಂಡು ಓಡಾಡೋಕ್ ಹೇಳು."

ಪಕ್ಕದ ಮೇಜಿನವರು ನಕ್ಕರು. ಏನೆಂದು ತಿಳಿಯದ ಕಂಬ, ದೊಡ್ಡವರು ನಗುತ್ತಿದ್ದಾರೆಂದು ತಾನೂ ಒಂದಿಷ್ಟು ನಕ್ಕ.

ಕೇಸು ಬರೆದುಕೊಂಡು ಸಂಜೆ ಬಿಟ್ಟರು. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಭುಜದ ಮೂಳೆ ಕೂಡತ್ತೆ. ನರಕ್ಕೆ ಪೆಟ್ಟಾಗಿದೆ. ಕೈ ಮೇಲೇಳತ್ತಾ ಅಂತ ಹೇಳಕ್ಕಾಗಲ್ಲಮ್ಮ" ಎಂದರು.

ಮೂಟೆ ಹೊರುವುದು ಹೋಯಿತು. ಅದರ ಜೊತೆಗೆ ಮಾತೂ ಹೋಯಿತು. ಹದಿನಾರು ವರ್ಷದಿಂದ ಅವರಿಬ್ಬರೇ ಕೂಡಿ ಕಟ್ಟಿಕೊಂಡಿದ್ದ ಸನ್ನೆಗಳಲ್ಲಿ ಬಹುಪಾಲು ಎರಡು ಕೈಯ ಸನ್ನೆಗಳು. ಎಡಗೈಯಲ್ಲಿ ಗೋಣಿಯ ಬಾಯಿ ಹಿಡಿದು ಬಲಗೈಯಲ್ಲಿ ಹೊಲಿದಂತೆ ಮಾಡಿದರೆ ಅದು ಅವಳು; ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಈಗ ಎಡಗೈಯೊಂದು ಖಾಲಿ ಗಾಳಿಯನ್ನು ಹಿಡಿದು ಸುಮ್ಮನಾಗುತ್ತಿತ್ತು. ಏನೋ ಕೇಳುತ್ತಿದ್ದ, ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ಸಿಡುಕುತ್ತಿದ್ದರು. ಅವನು ಬಾಗಿಲಿಗೂ ಒಲೆಗೂ ನಡುವೆ ದಿನವಿಡೀ ಶತಪಥ ಹಾಕುತ್ತಿದ್ದ. ಬೀದಿಯಲ್ಲಿ ಸಮವಸ್ತ್ರ ಕಂಡರೆ ಸಾಕು, ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದ.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಮಹಡಿಯಿಂದ ಯಾರೋ ತೆಗೆದಿದ್ದ ವಿಡಿಯೊ ಊರೆಲ್ಲ ಹರಿದಾಡಿತು. ಅದು ಶುರುವಾಗುವುದೇ ಕಂಬ ಕೈ ಎತ್ತುವಲ್ಲಿಂದ. ಹೊಡೆಯಲು ಹೋದ ಎಂದು ಕೆಲವರು, ಪಾಪ ಎಂದು ಕೆಲವರು. ಒಂದು ದಿನ ಮಾನವ ಹಕ್ಕುಗಳ ಸಂಘದ ಮೇಡಂ ಒಬ್ಬರು ಅವರ ಕೋಣೆಯನ್ನು ಹುಡುಕಿಕೊಂಡು ಬಂದರು.

"ದೊಡ್ಡ ಸಭೆ ಇಟ್ಕೊಂಡಿದೀವಮ್ಮ. ಬಂಧಿಸುವಾಗ ಪೊಲೀಸರು ಎಷ್ಟು ಬಲ ಬಳಸಬಹುದು ಅಂತ ಚರ್ಚೆ. ನೀವಿಬ್ರೂ ಬಂದು ಮುಂದಿನ ಸಾಲಲ್ಲಿ ಕೂತ್ರೆ ಸಾಕು."

"ಮಾತಾಡೋದು ಬೇಡ್ವಾ?"

"ಕೊನೇಲಿ ಎರಡು ನಿಮಿಷ ಕೊಡ್ತೀವಿ."

ಹೋದರು. ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳು, ಕೊರೆಯುವ ತಂಪು. ವೇದಿಕೆಯ ಮೇಲೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ, ಒಬ್ಬ ವಕೀಲರು, ನಡುವೆ ಮೇಡಂ. ಹಿಂದಿನ ಪರದೆಯ ಮೇಲೆ ವಿಡಿಯೊವನ್ನು ನಿಲ್ಲಿಸಿ ಇಟ್ಟಿದ್ದರು. ಕಂಬನ ಕೈ ಅಲ್ಲಿ ಆಳೆತ್ತರ ಇತ್ತು. ಅಧಿಕಾರಿ ಕೆಂಪು ಬೆಳಕಿನ ಚುಕ್ಕೆಯೊಂದನ್ನು ಅಂಗೈ ಮೇಲೆ ಆಡಿಸುತ್ತಾ ಬೆರಳುಗಳು ಮಡಿಚಿವೆ ಎಂದರು. ವಕೀಲರು ಬಿಚ್ಚಿವೆ ಎಂದರು.

ಕಂಬ ಪರದೆಯನ್ನೇ ನೋಡುತ್ತಿದ್ದ. ಎಡಗೈಯಲ್ಲಿ ಅವಳ ತೊಡೆ ತಟ್ಟಿ, ಏನಂತಾರೆ ಎಂದು ಕೇಳಿದ. ನಿನ್ನ ಕೈ ಬಗ್ಗೆ ಎಂದು ಅವಳು ತೋರಿಸಿದಳು. ಅವನು ಕೊರಳಿಗೆ ತೂಗುಹಾಕಿದ್ದ ಪಟ್ಟಿಯೊಳಗೆ ಇಣುಕಿ ಅದನ್ನು ನೋಡಿಕೊಂಡ.

"ಸ್ಥಳದಲ್ಲಿರೋ ಪೊಲೀಸಿಗೆ ಯೋಚಿಸೋಕೆ ಅರ್ಧ ಸೆಕೆಂಡೂ ಸಿಗಲ್ಲ," ಎಂದರು ಅಧಿಕಾರಿ. "ನೀವು ಆರಾಮಾಗಿ ಕೂತು ನಾಲ್ಕು ಸಲ ನೋಡಿದೀರ. ಆದ್ರೂ ನಿಮಗೇ ತೀರ್ಮಾನ ಮಾಡಕ್ಕಾಗ್ತಿಲ್ಲ."

ಚಪ್ಪಾಳೆ ಬಿತ್ತು.

"ಅರ್ಧ ಸೆಕೆಂಡು ಸರಿ," ಎಂದರು ವಕೀಲರು. "ಬೆನ್ನ ಮೇಲೆ ಕೂತಿದ್ದು ನಾಲ್ಕು ನಿಮಿಷ."

ಅದಕ್ಕೂ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಎದ್ದು ಕೇಳಿದರು. "ಎಲ್ಲ ಸರಿ, ಇಂಥವರನ್ನ ಜನಜಂಗುಳಿಯಲ್ಲಿ ಒಂಟಿಯಾಗಿ ಬಿಡೋದು ಮನೆಯವರ ತಪ್ಪಲ್ವಾ?"

ದಬ್ಬಳ ಎದ್ದಳು. ಮೈಕಿಗೆ ಕಾಯಲಿಲ್ಲ.

"ಒಂಟಿಯಾಗಿ ಬಿಟ್ಟಿರ್ಲಿಲ್ಲ ಯಜಮಾನ್ರೇ. ಹತ್ತು ಮಾರು ದೂರದಲ್ಲಿ ನಾನಿದ್ದೆ. ಕಿವುಡ ಅಂತ ಗಂಟಲು ಹರಿಯೋ ಹಂಗೆ ಕೂಗ್ದೆ. ಮಾರ್ಕೆಟ್ಟಿಗೆಲ್ಲ ಕೇಳ್ತು. ಪೊಲೀಸರ ಕಿವಿ ನೆಟ್ಟಗಿತ್ತಲ್ಲ, ಅವ್ರಿಗ್ಯಾಕೆ ಕೇಳ್ಸಲಿಲ್ಲ?"

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ನೀರು ಕುಡಿದರು.

"ಅಮ್ಮ, ನಿಮ್ಮ ಸಮಯ ಕೊನೇಲಿದೆ, ಕೂತ್ಕೊಳ್ಳಿ" ಎಂದರು ಮೇಡಂ. ಕೊನೆಯಲ್ಲಿ ಸಮಯ ಉಳಿಯಲಿಲ್ಲ. ಇಂಥ ಆರೋಗ್ಯಕರ ಚರ್ಚೆ ಇನ್ನೂ ನಡೆಯಬೇಕು ಎಂದು ಹೇಳಿ ಎಲ್ಲರೂ ಚಹಾಕ್ಕೆ ಎದ್ದರು.

ಸಭಾಂಗಣದ ಹೊರಗಿನ ಹಾದಿಯಲ್ಲಿ ಠಾಣೆಯ ಆ ಇನ್‌ಸ್ಪೆಕ್ಟರ್ ಕಾಯುತ್ತಿದ್ದ. ಮುರಿದ ಕುರ್ಚಿಗಳನ್ನು ಪೇರಿಸಿದ್ದ ಒಂದು ಕೋಣೆಗೆ ಇಬ್ಬರನ್ನೂ ಕರೆದ. ಮೇಜಿನ ಮೇಲೆ ಟೈಪು ಮಾಡಿದ ಕಾಗದ, ಪಕ್ಕದಲ್ಲಿ ಶಾಯಿಯ ಡಬ್ಬಿ.

"ನಾಲ್ಕನೇ ಕ್ಲಾಸು ಓದಿದೀಯಂತಲ್ಲ. ಓದ್ಕೋ."

ಅವಳು ಬೆರಳಿಟ್ಟು ಓದಿದಳು. ಮೂಟೆಯ ಭಾರಕ್ಕೆ ಕಾಲು ಜಾರಿ ಬಿದ್ದು ಭುಜಕ್ಕೆ ಪೆಟ್ಟಾಯಿತು. ಪೊಲೀಸರು ಎತ್ತಿ ಉಪಚರಿಸಿದರು. ಯಾರ ಮೇಲೂ ದೂರಿಲ್ಲ.

"ಹೆಬ್ಬೆಟ್ಟು ಒತ್ತಿಸು, ಕೈ ಎತ್ತಿದ ಕೇಸು ಇವತ್ತೇ ವಾಪಸ್. ಇಲ್ಲ ಅಂದ್ರೆ ಎರಡು ವರ್ಷ ಒಳಗೆ ಹೋಗ್ತಾನೆ." ಇನ್‌ಸ್ಪೆಕ್ಟರನ ದನಿ ಮೆತ್ತಗಿತ್ತು. "ಒಳಗೆ ಇವನ ಸನ್ನೆ ಯಾರಿಗೆ ತಿಳಿಯತ್ತೆ? ಹಸಿವು ಅಂದ್ರೂ ತಿಳಿಯಲ್ಲ, ನೋವು ಅಂದ್ರೂ ತಿಳಿಯಲ್ಲ. ಅಲ್ಲೂ ಕೈ ಎತ್ತಿದ ಅಂತಾರೆ. ಯೋಚ್ನೆ ಮಾಡು."

ಅವಳು ಯೋಚಿಸಿದಳು. ಕಂಬನ ಕಡೆ ತಿರುಗಿ ಸನ್ನೆ ಮಾಡಿದಳು. ಮೂಟೆ, ಭಾರ, ಜಾರಿದೆ, ಬಿದ್ದೆ. ಇದಕ್ಕೆ ಹೆಬ್ಬೆಟ್ಟು. ಮನೆಗೆ ಹೋಗೋಣ.

ಅವನಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳು ಎಂದ. ಅವನ ಮುಖ ನೋಡದೆ ಅವಳು ಮತ್ತೊಮ್ಮೆ ಹೇಳಿದಳು. ನೀನೇ ಬಿದ್ದೆ. ಅವರು ಎತ್ತಿದರು.

ಈಗ ಅರ್ಥವಾಯಿತು. ಕಂಬ ಅವಳನ್ನೇ ದಿಟ್ಟಿಸಿದ. ಹದಿನಾರು ವರ್ಷದಲ್ಲಿ ಅವಳು ಅವನಿಗೆ ಸುಳ್ಳೊಂದನ್ನು ಕೈಯಲ್ಲಿ ಆಡಿ ತೋರಿಸಿದ್ದು ಅದೇ ಮೊದಲು.

ಇನ್‌ಸ್ಪೆಕ್ಟರ್ ಅವನ ಎಡಗೈ ಹೆಬ್ಬೆರಳನ್ನು ಹಿಡಿದು ಶಾಯಿಗೆ ಅದ್ದಿದ. ಕಾಗದದ ಮೇಲೆ ತರುವಷ್ಟರಲ್ಲಿ ಕಂಬ ಕೈ ಕಿತ್ತುಕೊಂಡ. ಕಾಗದವನ್ನು ಎತ್ತಿ ಅದರ ಅಂಚನ್ನು ಹಲ್ಲಿಗೆ ಕಚ್ಚಿದ. ಎಡಗೈಯಲ್ಲಿ ಇನ್ನೊಂದು ತುದಿ ಹಿಡಿದು ಜಗ್ಗಿದ. ಕಾಗದ ಉದ್ದಕ್ಕೂ ಹರಿಯಿತು. ಮತ್ತೆ ಕಚ್ಚಿದ, ಮತ್ತೆ ಹರಿದ. ಕೆನ್ನೆಗೆಲ್ಲ ಶಾಯಿ ಮೆತ್ತಿಕೊಂಡಿತು. ಗಂಟಲಿನಿಂದ ಎಂಥದೋ ಗೊರಗೊರ ಸದ್ದು ಬರುತ್ತಿತ್ತು. ಅದು ತನ್ನಿಂದ ಬರುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಸರ್ಕಾರಿ ಕಾಗದ ಹರೀತೀಯೇನೋ ನನ್ಮಗನೆ," ಇನ್‌ಸ್ಪೆಕ್ಟರ್ ಎದ್ದ. ಬಾಗಿಲ ಕಡೆ ಮುಖ ಮಾಡಿ ಹೊರಗಿದ್ದ ಪೊಲೀಸರನ್ನು ಕರೆದ. ಬೂಟಿನ ಸದ್ದು ಹತ್ತಿರ ಬಂತು.

ದಬ್ಬಳ ಗಂಡನಿಗೆ ಅಡ್ಡ ನಿಂತಳು. ಕೆಳಗೆ ಬಿದ್ದಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಮೇಜಿನ ಮೇಲಿಟ್ಟಳು.

"ಬರ್ಕೊಳ್ಳಿ ಸಾರ್," ಎಂದಳು. "ಬೇಕಂತ್ಲೇ ಹರಿದ ಅಂತ ಬರ್ಕೊಳ್ಳಿ. ಇದನ್ನ ಅವನೇ ಮಾಡಿದ್ದು. ಇದೊಂದನ್ನಾದ್ರೂ ಸರಿಯಾಗಿ ಬರ್ಕೊಳ್ಳಿ."

ಬಾಗಿಲು ತೆರೆಯಿತು.