ನಂಬರೂ ಟವರೂ ಒಂದೇ ಫೋಟೊದಲ್ಲಿ

ಕಿಶನನ ಬಲೆ ಹರಿದದ್ದು ಅದು ಎರಡನೇ ಸಲ. ದಡದ ಹತ್ತಿರದ ನೀರು ನಾಡದೋಣಿಯವರದು, ಟ್ರಾಲರ್ ಬೋಟುಗಳು ಅಲ್ಲಿ ಬಲೆ ಎಳೆಯಬಾರದು ಎಂಬುದು ನಿಯಮ. ನಿಯಮ ಸಿಗಡಿಗೆ ಗೊತ್ತೇ? ಸಿಗಡಿಯ ಆಸೆಗೆ ಒಂದು ನೀಲಿ ಬೋಟು ಸಂಜೆ ಹೊತ್ತಿಗೆ ಅವನ ಊರು ಹಾರವಾಡದ ದಡದ ತನಕ ಬಂದು, ಕಿಶನ ಬಿಟ್ಟ ಬಲೆಯನ್ನೂ ಕಿತ್ತುಕೊಂಡು ಹೋಗುತ್ತಿತ್ತು. ಇನ್ನೊಂದು ಬಲೆ ಹೋದರೆ ಅವನು ತನ್ನ ದೋಣಿ ಮಗುಚಿಟ್ಟು ಅಂಥದೇ ಒಂದು ಬೋಟಿಗೆ ಆಳಾಗಿ ಹೋಗಬೇಕು. ಅದನ್ನು ನೆನೆದರೆ ಅವನ ಹೆಂಡತಿ ವೈಜಯಂತಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರವಾರದ ಕಚೇರಿಯಲ್ಲಿ ಮೀನುಗಾರಿಕೆ ಸಾಹೇಬರು ದೂರು ಕೇಳಿ ಒಂದೇ ಮಾತು ಹೇಳಿದ್ದರು: "ಬೋಟಿನ ನಂಬರ್ ಕಾಣಬೇಕು. ಅದು ನಿಮ್ಮ ದಡದಲ್ಲೇ ಇತ್ತು ಅಂತಲೂ ಕಾಣಬೇಕು. ಎರಡೂ ಒಂದೇ ಫೋಟೊದಲ್ಲಿ ತನ್ನಿ, ಆ ಬೋಟನ್ನು ಬಂದರಿನಲ್ಲಿ ಕಟ್ಟಿಹಾಕಿಸ್ತೇನೆ."

ಫೋಟೊಕ್ಕೇನು ಬರ! ಹಡಗಿನಲ್ಲಿ ಕೆಲಸಕ್ಕಿರುವ ತಮ್ಮ ರೋಷನ ಎರಡು ಸಾವಿರದ ಎಂಟರ ಚೌತಿಗೆ ಬಂದಾಗ ವೈಜಯಂತಿಗೆ ಒಂದು ಡಿಜಿಟಲ್ ಕೆಮರಾ ತಂದುಕೊಟ್ಟಿದ್ದ. ಅಂಗೈಯಷ್ಟೇ ಇತ್ತು, ಆದರೆ ಆಟಿಕೆಯಲ್ಲ. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು ಎಂದು ಅವನೇ ಹೊಗಳಿದ್ದ. ಕಾರವಾರದಿಂದ ಬಂದ ದಿನವೇ ಸಂಜೆ ಅವಳು ದಡದಲ್ಲಿ ನಿಂತು ಝೂಮ್ ಎಳೆದು ಎಳೆದು ಹೊಡೆದಳು. ಬಂದದ್ದು ಏನು? ಮುಳುಗುವ ಸೂರ್ಯನ ಎದುರು ಒಂದು ಕಪ್ಪು ಮುದ್ದೆ, ಅದರ ಮೇಲೆಲ್ಲ ಮರಳು ಎರಚಿದಂತೆ ಕಾಳುಕಾಳು. ಅದು ಬೋಟೋ ಎಮ್ಮೆಯೋ ಎಂದು ಹೇಳುವುದೂ ಕಷ್ಟವಿತ್ತು.

ಅಂಕೋಲೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಪುಂಡಲೀಕ ಅದನ್ನು ನೋಡಿ ನಕ್ಕ. "ತಂಗಿ, ಇದಕ್ಕೆ ದೂರದ್ದು ಕಾಣೂದಿಲ್ಲ. ಕತ್ತಲೆ ಕಂಡ್ರೆ ಹೆದರ್ತದೆ. ಬಟನ್ ಒತ್ತಿದ್ರೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಹೊಡೀತದೆ."

"ಮತ್ತೆ ಎಂತಕ್ಕೆ ಬಂತು ಇದು, ಪುಂಡಲೀಕಣ್ಣ?"

"ಹಾಂಗೆ ಹೇಳಬೇಡ. ಇದರ ಲೆನ್ಸು ಅಗಲ. ಹತ್ತಿರ ಹೋಗಿ ಹೊಡೆದ್ರೆ ಎದುರಿನ ಮೂಗೂ ಹಿಂದಿನ ಗುಡ್ಡವೂ ಎರಡೂ ಸ್ಪಷ್ಟ ಬರ್ತವೆ. ನನ್ನ ದೊಡ್ಡ ಕೆಮರಾ ಸುಲಭಕ್ಕೆ ಹಾಂಗೆ ಕೇಳೂದಿಲ್ಲ, ಒಂದನ್ನ ಹಿಡಿದು ಇನ್ನೊಂದನ್ನ ಕರಗಿಸ್ತದೆ."

"ನೀವೇ ಬನ್ನಿ ದೋಣಿಯಲ್ಲಿ."

"ಉಪ್ಪು ನೀರಿಗೆ? ನಾ ಮುಳುಗಿದ್ರೂ ಅಡ್ಡಿಲ್ಲ ಮಾರಾಯ್ತಿ, ನನ್ನ ಕೆಮರಾ ಮುಳುಗಬಾರದು!"

ಬಸ್ಸಿನಲ್ಲಿ ಬರುವಾಗ ಅವಳು ಯೋಚಿಸಿದ್ದೇ ಯೋಚಿಸಿದ್ದು. ಊರ ಗುಡ್ಡದ ಮೇಲೆ ಕೆಂಪು ಬಿಳಿ ಬಣ್ಣದ ಮೊಬೈಲ್ ಟವರು ಎದ್ದಿತ್ತು. ಬೋಟಿನ ಆಚೆ, ಸಮುದ್ರದ ಕಡೆಗೆ ಹೋಗಿ ದಡಕ್ಕೆ ಮುಖ ಮಾಡಿ ಹೊಡೆದರೆ ನಂಬರಿನ ಹಿಂದೆ ಟವರು ಬರುತ್ತದೆ. ಸೂರ್ಯ ಮುಳುಗುವ ಮುಂಚೆಯಾದರೆ ಬೆಳಕೂ ಬೆನ್ನ ಹಿಂದಿನಿಂದ. ಕೆಮರಾಕ್ಕೆ ದೂರ ಕಾಣದಿದ್ದರೆ ನಾವೇ ಹತ್ತಿರ ಹೋದರಾಯಿತು, ಅಷ್ಟೇ ತಾನೇ!

ಮೊದಲು ಕಿಶನ ಒಬ್ಬನೇ ಹೋದ. ಹುಟ್ಟು ಬಿಟ್ಟು ಕೆಮರಾ ಹಿಡಿದರೆ ದೋಣಿ ತಿರುಗುತ್ತಿತ್ತು, ಒಂದರಲ್ಲಿ ಆಕಾಶ ಬಂತು, ಇನ್ನೊಂದರಲ್ಲಿ ಅವನದೇ ಮೊಣಕಾಲು. ಕೇರಿಯ ಗಂಡಸರಲ್ಲಿ ಅರ್ಧ ಜನ ಬೋಟುಗಳಲ್ಲೇ ದುಡಿಯುವವರು, ಜೊತೆಗೆ ಬನ್ನಿ ಎಂದರೆ ಎಲ್ಲರೂ ಕಿವಿ ಕೆರೆದುಕೊಂಡರು.

"ನಾ ಬರ್ತೆ," ಎಂದಳು ವೈಜಯಂತಿ.

ಅವರಲ್ಲಿ ಹೆಂಗಸರು ಮೀನು ಮಾರುತ್ತಾರೆ, ಹರಾಜಿನಲ್ಲಿ ಗಂಡಸರ ಬಾಯಿ ಮುಚ್ಚಿಸುತ್ತಾರೆ, ದೋಣಿ ಮಾತ್ರ ಹತ್ತುವುದಿಲ್ಲ. ಅತ್ತೆ ಹೊನ್ನು ಸಿಡಿದೆದ್ದಳು. "ಹೆಂಗಸು ದೋಣಿ ಹತ್ತಿದ್ರೆ ಸಮುದ್ರ ಮುನೀತದೆ! ನೀ ಹೋಗು, ನಾ ಬಾಗಿಲು ಹಾಕಂಡು ಒಳಗೇ ಕೂತ್ಕಂತೆ. ತಿರುಗಿ ಸೈತ ನೋಡೂದಿಲ್ಲ."

"ಎರಡು ಬಲೆ ಹೋಯ್ತು. ಇನ್ನೆಷ್ಟು ಮುನೀಬೇಕು ಅತ್ತೆ ಅದು?"

ಹೊನ್ನು ದಢಾರನೆ ಬಾಗಿಲು ಹಾಕಿಕೊಂಡಳು.

ಕೆಮರಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ವೈಜಯಂತಿ ದೋಣಿಯ ಮೂತಿಯಲ್ಲಿ ಕೂತಳು. ಕಿಶನ ಸುತ್ತು ಬಳಸಿ ನೀಲಿ ಬೋಟಿನ ಆಚೆಗೆ ಹುಟ್ಟು ಹಾಕಿದ.

"ಸಾಕನಾ?"

"ಇನ್ನೂ ಹತ್ತಿರ."

"ಏ, ಸಾಯ್ತೀರಾ? ದೂರ ಹೋಗಿ!" ಬೋಟಿನಿಂದ ಯಾರೋ ಕೂಗಿದರು.

"ಇನ್ನೂ ಹತ್ತಿರ ತಕಂಡು ಹೋಗಿ," ಎಂದಳು ಅವಳು ಗಂಡನಿಗೆ.

ದೋಣಿ ಅಲೆಯ ನೆತ್ತಿಗೆ ಬಂದಾಗ ಒತ್ತಿದಳು. ಕೆಮರಾ ಯೋಚನೆ ಮಾಡಿ ಹೊಡೆಯುವಷ್ಟರಲ್ಲಿ ದೋಣಿ ಇಳಿದು ಬರೀ ನೀರು ಬಂತು. ಹರಾಜಿನಲ್ಲಿ ಮೂರನೇ ಕೂಗು ಬಿದ್ದ ಮೇಲೆ ಬಾಯಿ ಬಿಟ್ಟರೆ ಬುಟ್ಟಿ ಇನ್ನೊಬ್ಬಳ ಪಾಲು, ಅದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮುಂದಿನ ಅಲೆಗೆ ದೋಣಿ ಏಳತೊಡಗಿದಾಗಲೇ ಒತ್ತಿದಳು. ಮತ್ತೊಂದಕ್ಕೆ ಮತ್ತೆ ಒತ್ತಿದಳು. ಬೋಟು ಹೊಗೆ ಕಾರಿ ತಿರುಗುವ ತನಕ ಅವಳ ಬೆರಳು ನಿಲ್ಲಲಿಲ್ಲ.

ಮರುದಿನ ಸಾಹೇಬರು ಫೋಟೊವನ್ನು ಕಂಪ್ಯೂಟರಿಗೆ ಹಾಕಿದರು. ನೀಲಿ ಹಲಗೆಯ ಮೇಲೆ ಬಿಳಿ ನಂಬರು, ಒಂದೊಂದು ಅಂಕಿಯೂ ಸ್ಪಷ್ಟ. ಅದರ ಹಿಂದೆ ಗುಡ್ಡ, ಟವರು.

"ಆದರೆ ಟವರು ಬಹಳ ದೂರದಿಂದಲೂ ಕಾಣ್ತದೆ ಅಂತ ಅವರು ವಾದ ಮಾಡ್ತಾರೆ," ಎಂದರು.

ಸಾಹೇಬರು ಫೋಟೊ ಹಿಗ್ಗಿಸುತ್ತ ಟವರಿನಿಂದ ಕೆಳಗೆ ಇಳಿದರು. ತೆಂಗು, ಮನೆಯ ಹೆಂಚು, ಮರಳು. ಮರಳಿನ ಮೇಲೆ ಮಗುಚಿಟ್ಟ ಹಳೇ ದೋಣಿ, ಅದರ ಪಕ್ಕ ನೀರಿನ ಅಂಚಿಗೆ ಒಂದು ಕೆಂಪು ಸೀರೆ. ಮುಖ ಕಾಣುತ್ತಿರಲಿಲ್ಲ, ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತದ್ದು ಕಾಣುತ್ತಿತ್ತು.

"ಇದು ಯಾರು?"

"ನಮ್ಮ ಅತ್ತೆ," ಎಂದಳು.

"ದಡದಲ್ಲಿ ನಿಂತ ಮನುಷ್ಯರು ಕಾಣುವಷ್ಟು ಹತ್ತಿರ ಬಂದಿದ್ದಾನೆ! ಇನ್ನೇನು ಸಾಕ್ಷಿ ಬೇಕು?" ಸಾಹೇಬರು ಬಂದರಿಗೆ ಫೋನು ಹಚ್ಚಿದರು.

ಸಂಜೆ ಹೊನ್ನು ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಆಯ್ತನಾ ಕೆಲಸ?"

"ಆಯ್ತು. ಬೋಟು ಕಟ್ಟಿಹಾಕಿದ್ರು. ಅತ್ತೆ, ನಿನ್ನೆ ಸಂಜೆಗೆ ನೀವು ಎಲ್ಲಿದ್ರಿ?"

"ಒಳಗೆ. ಬಾಗಿಲು ಹಾಕಂಡು ಕೂತಿದ್ದೆ."

ವೈಜಯಂತಿ ಕೆಮರಾದ ಪರದೆಯನ್ನು ಅವಳ ಕಣ್ಣೆದುರು ಹಿಡಿದಳು. ಹೊನ್ನು ಸೆರಗಿಗೆ ಕೈ ಒರೆಸಿಕೊಂಡು ತುಂಬ ಹೊತ್ತು ನೋಡಿದಳು. ಕಣ್ಣಂಚು ಒದ್ದೆಯಾಯಿತು.

"ಬೋಟಿನ ಫೋಟೊ ಹೊಡೂಕೆ ಹೋದವಳು," ಎಂದು ಗದರಿದಳು, "ನನ್ನದು ಎಂತಕ್ಕೆ ಹೊಡೆದೆ?"